ಅಪ್‌ಡೇಟ್: ಬೂದಿಗೆ ಕೊನೆಗೂ ಮನೆ ಸಿಕ್ಕಿತು

ಹೋದ ತಿಂಗಳು ಕೇಳಿದ್ದೆನಲ್ಲ, ಶೆಲ್ಟರ್‌ನಲ್ಲಿ 7 ತಿಂಗಳಿಂದ ಮೂಲೆ ಬಿಟ್ಟು ಬಾರದ 4 ವರ್ಷದ ಬೂದು ಬಣ್ಣದ ಹೆಣ್ಣು ಬೆಕ್ಕು ಬೂದಿಗೆ ಮನೆ ಹುಡುಕುವುದು ಹೇಗೆ ಅಂತ. ಸಿಕ್ಕಿತು! ಈಗ ಮೈಸೂರಿನಲ್ಲಿ ಒಬ್ಬ ರಿಟೈರ್ಡ್ ಟೀಚರ್ ಮನೆಯಲ್ಲಿದ್ದಾಳೆ.

ಭಾನುವಾರದ ದತ್ತು ಮೇಳಕ್ಕೆ ಕರೆದುಕೊಂಡು ಹೋಗಿದ್ದು ದೊಡ್ಡ ತಪ್ಪು. ನಾಯಿಗಳ ಬೊಗಳಾಟ, ಮಕ್ಕಳ ಗಲಾಟೆ, ಪಾಪ, ಇಡೀ ದಿನ ಟವೆಲ್ ಕೆಳಗೆ ಮುಖ ಹುದುಗಿಸಿಕೊಂಡಿದ್ದಳು. ಫೆರೋಮೋನ್ ಡಿಫ್ಯೂಸರ್‌ಗೂ (ಬೆಕ್ಕಿನ ಗಾಬರಿ ಕಡಿಮೆ ಮಾಡೋಕೆ ಅಂತ ರೂಮಿನಲ್ಲಿ ಇಡುವ ಸಾಧನ) ದುಡ್ಡು ಹಾಕಿದೆ, ನನಗಂತೂ ವ್ಯತ್ಯಾಸ ಕಾಣಲಿಲ್ಲ.

ಕೆಲಸ ಮಾಡಿದ್ದು "ಮನೆಗೆ ತಂದು ಸ್ವಲ್ಪ ದಿನ ಇಟ್ಟುಕೊಳ್ಳಿ, ವಿಡಿಯೊ ಮಾಡಿ" ಅಂದವರ ಸಲಹೆ. ಚಿಕ್ಕ ರೂಮಿನಲ್ಲಿ ಒಂದು ರಟ್ಟಿನ ಡಬ್ಬ ಇಟ್ಟು, ದಿನಾ ಸಂಜೆ ನೆಲದ ಮೇಲೆ ಸುಮ್ನೆ ಕೂತು ಪೇಪರ್ ಓದುತ್ತಿದ್ದೆ, ಮುಟ್ಟೋಕೆ ಹೋಗಲೇ ಇಲ್ಲ. ಅವಳನ್ನು ನೋಡಿ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯಿರಿ, ಬೆಕ್ಕಿಗೆ ಅದು ಸ್ನೇಹದ ಗುರುತು ಅಂದಿದ್ದನ್ನು ನಾನು ನಂಬಿರಲಿಲ್ಲ, ಆದರೆ 9ನೇ ದಿನ ಅವಳೂ ಹಾಗೇ ಮಾಡಿದಳು! ಆ ವಿಡಿಯೊ ನೋಡಿಯೇ ಟೀಚರ್ ಫೋನ್ ಮಾಡಿದ್ದು. "ತೊಡೆ ಮೇಲೆ ಕೂರುವ ಬೆಕ್ಕಲ್ಲ" ಅಂತ ನೇರವಾಗಿ ಬರೆದಿದ್ದೆ. ಅವರಿಗೆ ಬೇಕಾಗಿದ್ದೂ ಅಂಥ ಬೆಕ್ಕೇ ಅಂತೆ.

ನನಗೆ ಗೊತ್ತೇ ಇರದ ವಿಷಯ ಇನ್ನೊಂದು. ಅವಳಿಗೆ ಹಲ್ಲು ನೋವಿತ್ತು! ಬೆಕ್ಕುಗಳು ನೋವು ಮುಚ್ಚಿಡುತ್ತವೆ, ನಾವು ಅದನ್ನೇ ನಾಚಿಕೆ ಅಂದುಕೊಂಡಿದ್ದೆವು. ಹಾಳಾದ ಎರಡು ಹಲ್ಲು ಕೀಳಿಸಿದ ಮೇಲೆ ಊಟವೂ ಜಾಸ್ತಿ ಆಯಿತು, ಓಡಾಟವೂ. ನಿಮ್ಮ ಬೆಕ್ಕೂ ಹೀಗೇ ಅಡಗಿ ಕೂರುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಬಾಯಿ ತೋರಿಸಿ.

ನಿನ್ನೆ ಟೀಚರ್ ಫೋಟೊ ಕಳಿಸಿದ್ದರು. ಇನ್ನೂ ಮಂಚದ ಕೆಳಗೇ ಇದ್ದಾಳೆ, ಆದರೆ ಬಾಲ ಮಾತ್ರ ಹೊರಗೆ.