ಮಾರುತ್‌ಗೆ ಮ್ಯಾಕ್ 1.6 ಕೊಟ್ಟಿದ್ದು ಯಾರು?

ನಮ್ಮ ಮನೆಯವರ ವಾಟ್ಸಾಪ್ ಗುಂಪು, ಹೆಸರು ‘ನಮ್ಮನೆ ಬಳಗ’. ಭಾನುವಾರ ಮಾರುತ್ ಅನ್ನೋ ನಮ್ಮ ಹಳೇ ಯುದ್ಧವಿಮಾನದ ಒಂದು ವಿಡಿಯೊ ಬಂದು ಊಟದ ಹೊತ್ತಿನವರೆಗೂ ಜಗಳ ಎಳೆಯಿತು (ಮ್ಯಾಕ್ 1 ಅಂದರೆ ಶಬ್ದದ ವೇಗ). ಗುಡ್ ಮಾರ್ನಿಂಗ್ ಚಿತ್ರಗಳನ್ನೂ ಯಾರದೋ ಗೃಹಪ್ರವೇಶದ ಕರೆಯೋಲೆಯನ್ನೂ ತೆಗೆದು ಉಳಿದದ್ದನ್ನು ಹಾಕಿದ್ದೇನೆ. ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದ ದೊಡ್ಡಪ್ಪ ಟೈಪ್ ಮಾಡುವುದಿಲ್ಲ, ಮಾತಾಡಿ ಕಳಿಸುತ್ತಾರೆ. ಅವನ್ನು ಕೇಳಿಕೊಂಡು ಬರೆದವನು ನಾನು.

ಚಿನ್ನು: [ವಿಡಿಯೊ]
ನಮ್ಮ ಎಚ್‌ಎಎಲ್ ಮಾರುತ್ 🔥🔥 ಬೆಂಗಳೂರಿಂದ ಟೇಕಾಫ್, ಮ್ಯಾಕ್ 1.6!! ಸಿಮ್‌ನಲ್ಲಿ (ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್) ರಾತ್ರಿ ಒಂದು ಗಂಟೆವರೆಗೂ ಹಾರಿಸಿದೆ.

ಅತ್ತೆ (ಅಡ್ಮಿನ್): ಒಂದು ಗಂಟೆನಾ? ಕಣ್ಣು ಏನಾಗಬೇಕೋ. ಸೋಮವಾರ ಆಫೀಸಿಲ್ವಾ?

ಭಾವ: ಸೂಪರ್ ಕಣೋ 👏👏 ನಮ್ಮ ಹೆಮ್ಮೆ. ಇದನ್ನೂ ಓದಿ ಎಲ್ಲರೂ.
[ಹಲವು ಬಾರಿ ಫಾರ್ವರ್ಡ್ ಆಗಿದೆ] ಇಡೀ ಪ್ರಪಂಚ ನಡುಗಿದ ಭಾರತದ ಯುದ್ಧವಿಮಾನ!! ಶಬ್ದಕ್ಕಿಂತ ಎರಡು ಪಟ್ಟು ವೇಗ!! ವಿದೇಶಿ ಪಿತೂರಿಗೆ ಬಲಿ!! ಇದನ್ನು ಯಾವ ಚಾನೆಲ್ಲೂ ತೋರಿಸಲ್ಲ...

ದೊಡ್ಡಪ್ಪ: ಚಿನ್ನು, ಇದು ಯಾವ ಮಾರುತ್ ಮಾರಾಯ? ನಾನು ಕೆಲಸಕ್ಕೆ ಸೇರಿದಾಗ ಹ್ಯಾಂಗರ್ ತುಂಬ ಮಾರುತ್ ಇದ್ವು. 1.6 ಹೋಗೋದು ಒಂದೂ ಇರ್ಲಿಲ್ಲ. ಮೇಲೆ, 40,000 ಅಡಿಯಲ್ಲಿ, ಮ್ಯಾಕ್ 1ರ ಆಸುಪಾಸು ಮುಟ್ಟಿದ್ರೆ ಅದೇ ಹೆಚ್ಚು.

ಚಿನ್ನು: ದೊಡ್ಡಪ್ಪ ಇದು ಒಬ್ಬ ಹವ್ಯಾಸಿ ಮಾಡಿರೋ ಮೋಡ್, ಅಂದ್ರೆ ಸಿಮ್‌ಗೆ ಸೇರಿಸ್ಕೊಳ್ಳೋ ವಿಮಾನ, ಫ್ರೀ ಡೌನ್‌ಲೋಡ್. ಕಾಕ್‌ಪಿಟ್ ನೋಡಿ, ಒಂದೊಂದು ಡಯಲ್ಲೂ ಕೂರಿಸಿದಾನೆ. ನಮ್ಮ ಸಿಮ್ ಗ್ಯಾಂಗಲ್ಲಿ ಒಬ್ಬನಿಗೆ ಎರಡನೇ ಮಹಾಯುದ್ಧದ ಜರ್ಮನ್ ಯುದ್ಧವಿಮಾನ ಫಾಕ್-ವುಲ್ಫ್ 190 ಹುಚ್ಚು. ಅದನ್ನ ಡಿಸೈನ್ ಮಾಡಿದ ಕುರ್ಟ್ ಟ್ಯಾಂಕೇ ಬೆಂಗಳೂರಲ್ಲಿ ಕೂತು ಇನ್ನೊಂದು ಮಾಡಿದಾರೆ ಅಂದ್ರೆ ಅವನು ನಂಬಲೇ ಇಲ್ಲ. ಈಗ ದಿನಾ ಮಾರುತ್ ಹಾರಿಸ್ತಾನೆ 😄

ದೊಡ್ಡಪ್ಪ: ಅದು ನಿಜ. ಟ್ಯಾಂಕ್ 1956ರಲ್ಲಿ ಬಂದ್ರು. ಆದರೆ ಗಡಿಯಾರ ಕೂರಿಸೋದಕ್ಕೂ ಎಂಜಿನ್ ಕೂರಿಸೋದಕ್ಕೂ ವ್ಯತ್ಯಾಸ ಇದೆಯಪ್ಪಾ. ಆ ಹುಡುಗ ಯಾವ ಎಂಜಿನ್ ಹಾಕಿದಾನೆ ನೋಡು.

ನಾನು: ಅದನ್ನ ನೋಡೋಕಾಗತ್ತಾ?

ಚಿನ್ನು: ಆಗತ್ತೆ, ಒಂದು ಟೆಕ್ಸ್ಟ್ ಫೈಲ್ ಅಷ್ಟೆ. ತಡೀರಿ... ಎರಡು ಎಂಜಿನ್, ಒಂದೊಂದಕ್ಕೆ ಥ್ರಸ್ಟ್, ಅಂದ್ರೆ ತಳ್ಳೋ ಬಲ, 8,170 ಪೌಂಡ್.

ದೊಡ್ಡಪ್ಪ: ಹಾಂ! ಸಿಕ್ಕಿಬಿದ್ದ! ಅದು ಆರ್ಫಿಯಸ್ 12, ಆಫ್ಟರ್‌ಬರ್ನರ್ ಸಮೇತ, ಅಂದ್ರೆ ಹಿಂದೆ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸೋದು. ಟ್ಯಾಂಕ್ ವಿಮಾನ ಬರೆದಿದ್ದೇ ಆ ಎಂಜಿನ್ ನಂಬ್ಕೊಂಡು. ಅದು ಬರಲೇ ಇಲ್ಲ. ಬ್ರಿಟಿಷರು ಅಭಿವೃದ್ಧಿ ಖರ್ಚು ನೀವೇ ಹಾಕಿ ಅಂದ್ರು, ನಮ್ಮ ಸರ್ಕಾರ ಒಲ್ಲೆ ಅಂತು. ಕೊನೆಗೆ ಕೂರಿಸಿದ್ದು ಆರ್ಫಿಯಸ್ 703, ಆಫ್ಟರ್‌ಬರ್ನರ್ ಇಲ್ಲ, 4,850 ಪೌಂಡ್. ನ್ಯಾಟ್‌ಗೆ ಹಾಕ್ತಿದ್ವಲ್ಲ, ಅದೇ ಮನೆತನದ್ದು. ನ್ಯಾಟ್ ಪುಟ್ಟ ಯುದ್ಧವಿಮಾನ, ಅದಕ್ಕೆ ಸಾಕಾಗ್ತಿತ್ತು.

ಭಾವ: ಅಂದ್ರೆ ಪಿತೂರಿನೇ ಆಯ್ತಲ್ಲ ದೊಡ್ಡಪ್ಪ.

ದೊಡ್ಡಪ್ಪ: ದುಡ್ಡು ಕೊಡಿ ಅಂತ ಕೇಳಿದ್ದು, ಕೊಡಲ್ಲ ಅಂದಿದ್ದು ಪಿತೂರಿನಾ? ಆಮೇಲೆ ಈಜಿಪ್ಟಿನವರ ಇ-300 ಎಂಜಿನ್ ಆಗತ್ತೇನೋ ಅಂತ ಒಂದು ಮಾರುತ್‌ನ ಅಲ್ಲಿಗೇ ಕಳಿಸಿ ಹಾರಿಸಿದ್ವಿ. ಅದೂ ಕೈಗೂಡಲಿಲ್ಲ. ನಿಮ್ಮ ಫಾರ್ವರ್ಡಿನಲ್ಲಿ ಈಜಿಪ್ಟಿನ ಸುದ್ದಿನೇ ಇಲ್ಲ.

ಅತ್ತೆ (ಅಡ್ಮಿನ್): ಕಸ್ತೂರ್ಬಾ ರಸ್ತೆ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಇಟ್ಟಿರೋದು ಇದೇನಾ? ಚಿನ್ನು ಎರಡನೇ ಕ್ಲಾಸಲ್ಲಿ ಅದರ ಮುಂದೆ ಐಸ್‌ಕ್ಯಾಂಡಿಗೆ ಅತ್ತಿದ್ದ.

ಚಿನ್ನು: ಅಮ್ಮಾ 🙏

ಚಿನ್ನು: ದೊಡ್ಡಪ್ಪ, ಒಂದು ಮಾತು. ಟ್ಯಾಂಕ್ ಮನಸ್ಸಲ್ಲಿದ್ದಿದ್ದು ಈ ವಿಮಾನವೇ ತಾನೆ? ಅವರು ಗೀಚಿದ ರೆಕ್ಕೆ, ಆ ಕಿರಿದಾದ ಸೊಂಟ, ಎಲ್ಲಾ ಎರಡು ಮ್ಯಾಕ್ ಕಡೆ ನೋಡ್ತಾ ಇದೆ. ಸಿಮ್‌ನಲ್ಲಾದ್ರೂ ಅದು ಹಾರಲಿ ಬಿಡಿ. ಅದನ್ನ ಸುಳ್ಳು ಅಂತ ಯಾಕಂತೀರ?

ದೊಡ್ಡಪ್ಪ: ಹಾರಲಿ, ಬೇಡ ಅನ್ನಲ್ಲ. ‘ನಮ್ಮ ಎಚ್‌ಎಎಲ್ ಮಾರುತ್’ ಅಂತ ಬರೆದ್ಯಲ್ಲ, ನನ್ನ ತಕರಾರು ಅಲ್ಲಿ. ನಾವು ಮಾಡಿದ 147 ಮಾರುತ್‌ನಲ್ಲಿ ಈ ವಿಮಾನ ಇಲ್ಲ.

ಚಿನ್ನು: 1959ರಲ್ಲಿ ಮರದ ಗ್ಲೈಡರ್ ಮಾಡಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿದ್ರು ಅಂತ ನೀವೇ ಹೇಳಿದ್ರಿ. ಮಾರುತ್‌ದೇ ಆಕಾರ, ಮಾರುತ್‌ದೇ ಅಳತೆ, ಎಂಜಿನ್ನೇ ಇಲ್ಲ. ವಿಮಾನ ತಯಾರಾಗೋ ಮೊದಲೇ ಹೇಗೆ ಹಾರತ್ತೆ ಅಂತ ತಿಳ್ಕೊಳ್ಳೋಕೆ ಮಾಡಿದ್ದು. ಅದೂ ಸಿಮ್ಯುಲೇಟರೇ ಅಲ್ವಾ!

ಇಲ್ಲಿ ಗುಂಪು ಸ್ವಲ್ಪ ಹೊತ್ತು ತಣ್ಣಗಾಯಿತು. ‘ದೊಡ್ಡಪ್ಪ ರೆಕಾರ್ಡ್ ಮಾಡುತ್ತಿದ್ದಾರೆ’ ಅಂತ ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ನನಗಂತೂ ಚಿನ್ನುವಿನ ಗ್ಲೈಡರ್ ವಾದ ಹಿಡಿಸಿತು. ಆದರೆ ಅವನ ಪರ ಮಾತಾಡಿದರೆ ಮುಂದಿನ ಹಬ್ಬದಲ್ಲಿ ದೊಡ್ಡಪ್ಪನ ಪಕ್ಕ ಊಟಕ್ಕೆ ಕೂರಬೇಕಾದವನು ನಾನು.

ಫೀನಿಕ್ಸ್ ಅಕ್ಕ: ಈಗ ಎದ್ದೆ. ಮಧ್ಯೆ ಬಾಯಿ ಹಾಕ್ತಿದೀನಿ. ಇಲ್ಲಿ ಅಮೆರಿಕದ ಟೂಸಾನ್‌ನ ಪೀಮಾ ಮ್ಯೂಸಿಯಂನಲ್ಲಿ ಒಂದು ಲಿಬರೇಟರ್ ಬಾಂಬರ್ ಇದೆ, ಬಿ-24. ಬೋರ್ಡಿನಲ್ಲಿ ಇಂಡಿಯನ್ ಏರ್‌ಫೋರ್ಸಿಂದ ಬಂದಿದ್ದು ಅಂತ ಬರೆದಿದಾರೆ. ಹೇಗೆ ದೊಡ್ಡಪ್ಪ?

ದೊಡ್ಡಪ್ಪ: ಅದು ದೊಡ್ಡ ಕಥೆ. ಎರಡನೇ ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್‌ಗಳನ್ನ ಗುಜರಿ ಥರ ಬಿಟ್ಟು ಹೋದ್ರು, ಮತ್ತೆ ಹಾರಬಾರದು ಅಂತ ಅಲ್ಲಲ್ಲಿ ಒಡೆದು ಹಾಕಿ. ನಮ್ಮವರು ಹೋಗಿ ಇದ್ದಿದ್ದರಲ್ಲಿ ಜೋಡಿಸಿ ಅಲ್ಲಿಂದ ಬೆಂಗಳೂರಿಗೆ ಹಾರಿಸ್ಕೊಂಡು ಬಂದು ಪೂರ್ತಿ ರಿಪೇರಿ ಮಾಡಿ ವಾಯುಪಡೆಗೆ ಕೊಟ್ರು. 1968ರವರೆಗೂ ಓಡಿದ್ವು. ಲಂಡನ್ ಹೆಂಡನ್ ಮ್ಯೂಸಿಯಂಗೂ ಇಲ್ಲಿಂದಲೇ ಒಂದು ಹೋಯ್ತು. ನಿಮ್ಮ ಊರಿಗೆ ಬಂದಿದ್ದು ಅದರ ಅಣ್ಣನೋ ತಮ್ಮನೋ.

ಫೀನಿಕ್ಸ್ ಅಕ್ಕ: ಅಯ್ಯೋ ಮೂರು ಸಲ ನೋಡಿದೀನಿ ಅದನ್ನ! 😮

ಭಾವ: ಇದನ್ನ ಫಾರ್ವರ್ಡ್ ಮಾಡ್ಬಹುದಾ?

ದೊಡ್ಡಪ್ಪ: ಇದನ್ನ ಮಾಡಿ. ಈಗ ಚಿನ್ನು, ಗ್ಲೈಡರ್ ವಿಷಯ. ಬುದ್ಧಿವಂತ ಕಣೋ ನೀನು, ಒಪ್ದೆ. ಆದರೆ ಗ್ಲೈಡರ್‌ನ ಯಾರೂ ಮಾರುತ್ ಅಂತ ಕರೀಲಿಲ್ಲ. ಅದು ಪರೀಕ್ಷೆ, ಅದರ ಹೆಸರೇ ಬೇರೆ. ಇನ್ನೊಂದು ಹೇಳ್ತೀನಿ ಕೇಳು. ಆ ಫೈಲಿನಲ್ಲಿರೋ ಹೆಚ್ಚಿನ ಥ್ರಸ್ಟ್ ಇದೆಯಲ್ಲ, ಅದಕ್ಕೋಸ್ಕರ ಇಲ್ಲಿ 703ಗೇ ಆಫ್ಟರ್‌ಬರ್ನರ್ ಸೇರಿಸೋ ಪ್ರಯತ್ನ ನಡೀತು. ಮಾರ್ಕ್ 1ಆರ್ ಅಂತ. 1970ರ ಜನವರಿ 10, ಅದನ್ನ ಹಾರಿಸ್ತಿದ್ದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅಪಘಾತದಲ್ಲಿ ಹೋದ್ರು. 1961ರ ಜೂನ್ 17ಕ್ಕೆ ಮಾರುತ್‌ನ ಮೊದಲ ಸಲ ಆಕಾಶಕ್ಕೆ ಎತ್ತಿದ್ದೂ ಅವರೇ.

ನಾನು: ಹಳೇ ಮದ್ರಾಸ್ ರೋಡಿಂದ ಎಚ್‌ಎಎಲ್ ಕಡೆ ಬರೋ ಸುರಂಜನ್ ದಾಸ್ ರೋಡ್ ಅವರ ಹೆಸರಿನದ್ದಾ? ನಾನು ಯಾರೋ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರು ಅಂದ್ಕೊಂಡಿದ್ದೆ.

ದೊಡ್ಡಪ್ಪ: ದಿನಾ ಆ ಟ್ರಾಫಿಕ್ಕಲ್ಲಿ ನಿಂತಿರೋರಿಗೆ ಯಾರಿಗೂ ಗೊತ್ತಿಲ್ಲ ಬಿಡು. ಚಿನ್ನು, ಅವರು ಪ್ರಾಣ ಇಟ್ಟು ಹುಡುಕಿದ್ದನ್ನ ನೀನು ಯಾರೋ ಟೈಪ್ ಮಾಡಿದ ನಾಲ್ಕು ಅಂಕಿಯಲ್ಲಿ ಪಡೆದಿದೀಯ. ಪಡಿ. ಅದನ್ನ ಹಾಗೇ ಹೇಳು ಅಂತ ಅಷ್ಟೆ.

ಚಿನ್ನು: ...

ಚಿನ್ನು: ಒಂದರ್ಧ ಗಂಟೆ ಕೊಡಿ.

ಅತ್ತೆ (ಅಡ್ಮಿನ್): ಊಟ ಮಾಡಿ ಕೂರು. ಹುಳಿ ಆರ್ತಾ ಇದೆ.

ಚಿನ್ನು: [ವಿಡಿಯೊ]
ಥ್ರಸ್ಟ್ 4,850 ಮಾಡಿದೆ. ಬೇರೆ ಏನೂ ಮುಟ್ಟಿಲ್ಲ. ಬೇಸಿಗೆ ಮಧ್ಯಾಹ್ನದ ಬಿಸಿಲು ಇಟ್ಟು, ಪೂರ್ತಿ ಇಂಧನ ತುಂಬಿಸಿ ಹಳೇ ಏರ್‌ಪೋರ್ಟಿಂದ ಓಡಿಸಿದೆ. ರನ್‌ವೇ ಮುಗೀತಾ ಬಂತು, ಮೂಗು ಏಳಲ್ಲ, ಕಾಲು ನಡುಗಿಹೋಯ್ತು. ಮೇಲೆ ಹೋದ್ಮೇಲೆ 0.97ಕ್ಕೆ ಬಂದು ಅಂಟ್ಕೊಂಡ್ಬಿಡ್ತು. ಸ್ವಲ್ಪ ಮೂಗು ಇಳಿಸಿದ ಮೇಲೆ 1 ದಾಟಿದ್ದು. ಆದ್ರೆ ದೊಡ್ಡಪ್ಪ, ಮರಳುಗಾಡಿನ ಮೇಲೆ 200 ಅಡಿಯಲ್ಲಿ ಹಾರಿಸಿದೆ ನೋಡಿ, ಹಳಿ ಮೇಲೆ ಹೋದ ಹಾಗೆ ಹೋಗತ್ತೆ! ಆ ದೊಡ್ಡ ಎಂಜಿನ್ನಲ್ಲಿ ಇದನ್ನ ಗಮನಿಸಿರಲೇ ಇಲ್ಲ, ಬರೀ ಮೇಲಕ್ಕೆ ಏರಿಸ್ತಿದ್ದೆ.

ದೊಡ್ಡಪ್ಪ: ಈಗ ಬಂದ್ಯಲ್ಲ ದಾರಿಗೆ. ಪೈಲಟ್‌ಗಳು ಹೊಗಳ್ತಿದ್ದಿದ್ದೇ ಅದನ್ನ, ನೆಲಮಟ್ಟದಲ್ಲಿ ಅಲುಗಾಡ್ತಿರಲಿಲ್ಲ. 1971ರಲ್ಲಿ ರಾಜಸ್ಥಾನದ ಉತ್ತರ್‌ಲಾಯಿಯಿಂದ ಹೋಗಿ ಬರ್ತಿದ್ವು. ಗುಂಡು ತಗುಲಿ ಒಂದು ಎಂಜಿನ್ ಸತ್ತರೂ ಇನ್ನೊಂದರಲ್ಲಿ ವಾಪಸ್ ಬಂದಿದ್ದುಂಟು. ಗನ್ ಹಾರಿಸಿದ್ಯಾ?

ಚಿನ್ನು: ನಾಲ್ಕೂ ಒಟ್ಟಿಗೆ! 30 ಎಂಎಂ 😎

ದೊಡ್ಡಪ್ಪ: ಏನೂ ಆಗಲಿಲ್ವಾ?

ಚಿನ್ನು: ಇಲ್ವಲ್ಲ, ಯಾಕೆ?

ದೊಡ್ಡಪ್ಪ: ಹಾಗಾದ್ರೆ ಆ ಮೋಡ್ ಮಾಡಿದ ಹುಡುಗನಿಗೆ ಬರೀ. ನಾಲ್ಕೂ ಒಟ್ಟಿಗೆ ಬಿಟ್ರೆ ಇಡೀ ವಿಮಾನ ಅದುರಿ ತೊಂದರೆ ಆಗ್ತಿತ್ತು. ನಮಗೆ ದೊಡ್ಡ ತಲೆನೋವು ಅದು. ಅದನ್ನೂ ಹಾಕಲಿ. ಬರೀ ಒಳ್ಳೇದನ್ನೇ ಹಾಕಿದ್ರೆ ಹೇಗೆ?

ಚಿನ್ನು: ಇವತ್ತೇ ಬರೀತೀನಿ. ಎರಡು ಫೈಲೂ ಇಟ್ಕೋತೀನಿ ದೊಡ್ಡಪ್ಪ. ಒಂದು ‘ಮಾರುತ್ ಮಾರ್ಕ್ 1’. ಇನ್ನೊಂದು ‘ಮಾರುತ್, ಟ್ಯಾಂಕ್ ಕೇಳಿದ ಎಂಜಿನ್‌ನೊಂದಿಗೆ’. ಓಕೆನಾ?

ದೊಡ್ಡಪ್ಪ: ‘ಕೇಳಿದ, ಸಿಗದ’ ಅಂತ ಹಾಕು.

ಚಿನ್ನು: ಉದ್ದ ಆಯ್ತು.

ದೊಡ್ಡಪ್ಪ: ಆಗಲಿ.

ಚಿನ್ನು: ಸರಿ, ಮೊದಲನೇ ವಿಡಿಯೊ ಡಿಲೀಟ್ ಮಾಡಿ ಹೊಸ ಹೆಸರಲ್ಲಿ ಹಾಕ್ತೀನಿ.
[ಈ ಸಂದೇಶವನ್ನು ಅಳಿಸಲಾಗಿದೆ]

ಭಾವ: ಅಯ್ಯೋ, ಡಿಲೀಟ್ ಯಾಕೆ? ಬೆಳಗ್ಗೆನೇ ಅಪಾರ್ಟ್‌ಮೆಂಟ್ ಗ್ರೂಪಿಗೂ ವಾಕಿಂಗ್ ಗ್ರೂಪಿಗೂ ಹಾಕಾಯ್ತಲ್ಲ. ‘ನಮ್ಮ ಹುಡುಗ ಹಾರಿಸಿದ್ದು’ ಅಂತ.

ದೊಡ್ಡಪ್ಪ: ಅಲ್ಲೂ ಸರಿಯಾದ್ದನ್ನ ಹಾಕಿ ಮತ್ತೆ.

ಭಾವ: ಈಗ ಹೇಗೆ ದೊಡ್ಡಪ್ಪ? ಸೆಕ್ರೆಟರಿ ಆಗಲೇ ಸೆಲ್ಯೂಟ್ ಹಾಕಿದಾರೆ.