ತಾಲ್ಲೂಕು ಘಟಕಕ್ಕೆ ಬೇರೆ ವೆಬ್‌ಸೈಟ್, ಬೇರೆ ಪೇಜ್ ಬೇಕಾ? ಅನುಭವ ಇದ್ದವರು ಹೇಳಿ

ತಿಪಟೂರು ಘಟಕ: ನಮ್ಮದು ರಾಜ್ಯಮಟ್ಟದ ರಕ್ತದಾನಿಗಳ ಸಂಘ. ಕೇಂದ್ರ ಸಮಿತಿಯಿಂದ ಸುತ್ತೋಲೆ ಬಂದಿದೆ. ತಾಲ್ಲೂಕು ಘಟಕಗಳು ಸ್ವಂತ ವೆಬ್‌ಸೈಟ್ ಇಟ್ಟುಕೊಳ್ಳುವ ಹಾಗಿಲ್ಲ, ಕೇಂದ್ರದ ಸೈಟ್‌ನಲ್ಲೇ ಒಂದು ಪುಟ ಕೊಡ್ತಾರಂತೆ. ಫೇಸ್‌ಬುಕ್ ಪೇಜ್‌ಗೆ ಕೇಂದ್ರದವರೊಬ್ಬರನ್ನು ಅಡ್ಮಿನ್ ಮಾಡಬೇಕು. ಲೋಗೋ ಅವರು ಕೊಟ್ಟದ್ದೇ ಬಳಸಬೇಕು. ನಮ್ಮ ಪೇಜ್‌ನಲ್ಲಿ ಹತ್ತಿರ ಹತ್ತಿರ 4,000 ಜನ ಇದ್ದಾರೆ. ಒಪ್ಪಿಕೊಳ್ಳೋದಾ, ಬೇಡವಾ?

ಚಿಂತಾಮಣಿ ಕಾರ್ಯದರ್ಶಿ: ಕಣ್ಮುಚ್ಚಿ ಒಪ್ಪಿಕೊಳ್ಳಿ. ನಮ್ಮದು ನಿವೃತ್ತ ನೌಕರರ ಸಂಘ. ಪೇಜ್ ಶುರು ಮಾಡಿದ್ದು ಆಗಿನ ಸಹಕಾರ್ಯದರ್ಶಿ, ಅವರ ಸ್ವಂತ ಖಾತೆಯಿಂದ. ಬೇರೆ ಅಡ್ಮಿನ್ ಯಾರೂ ಇರಲಿಲ್ಲ. ಸಂಘದ ಚುನಾವಣೆಯಲ್ಲಿ ಅವರ ಕಡೆಯವರು ಸೋತರು. ಪೇಜ್ ಕೊಡಿ ಅಂದರೆ 'ನಾನು ಕಟ್ಟಿದ್ದು, ಯಾಕೆ ಕೊಡಲಿ' ಅಂದರು. ಆಮೇಲೆ ಏನಾಯ್ತು ಗೊತ್ತಾ? ಪಿಂಚಣಿ ಅದಾಲತ್ ಸುದ್ದಿ ಬರಬೇಕಾದ ಜಾಗದಲ್ಲಿ 'ಕೈವಾರ ರಸ್ತೆಯಲ್ಲಿ 30×40 ಸೈಟ್ ಮಾರಾಟಕ್ಕಿದೆ' ಅಂತ ಅವರ ಅಳಿಯನ ಜಾಹೀರಾತು. ಕೆಳಗೆ ನಮ್ಮ ಸಂಘದ ಲಾಂಛನ!

ಖರ್ಚು ಕೇಳಿ. ವಕೀಲರ ನೋಟಿಸ್‌ಗೆ 3,000. ಲೆಟರ್‌ಹೆಡ್, ರಸೀದಿ ಪುಸ್ತಕದಲ್ಲೆಲ್ಲ ಹಳೇ ಪೇಜ್ ವಿಳಾಸ ಅಚ್ಚಾಗಿತ್ತು, ಮತ್ತೆ ಹೊಡೆಸಿದ್ದಕ್ಕೆ 4,500. ಹೊಸ ಪೇಜ್‌ನ ಕ್ಯುಆರ್ ಹಾಕಿದ ಫ್ಲೆಕ್ಸ್‌ಗೆ 1,800. ಹೊಸ ಪೇಜ್‌ಗೆ ಜನ ಬರಲಿ ಅಂತ ಪ್ರಚಾರಕ್ಕೆ 2,000. ಹಳೇ ಪೇಜ್ ಇವತ್ತೂ ಇದೆ. ಈಗಲೂ ಸದಸ್ಯರು ಅಲ್ಲೇ ಹೋಗಿ 'ಸಭೆ ಯಾವಾಗ ಸಾರ್' ಅಂತ ಕೇಳ್ತಾರೆ. ಕೇಂದ್ರದವರೊಬ್ಬರಿಗೆ ಪೂರ್ಣ ನಿಯಂತ್ರಣ ಇದ್ದಿದ್ದರೆ ಅರ್ಧ ಗಂಟೆಯ ಕೆಲಸ.

ಶ್ರೀನಿವಾಸಪುರ ಖಜಾಂಚಿ: ಸಾರ್, ನಿಮಗೆ ಒಬ್ಬ ಕಾಟ ಕೊಟ್ಟ ಅಂತ ಎಲ್ಲರೂ ಬೆಂಗಳೂರಿಗೆ ಬೀಗದ ಕೈ ಕೊಡಬೇಕಾ? ನಾವು ಮಾವು ಬೆಳೆಗಾರರು. ಕೇಂದ್ರದ ಸೈಟ್‌ನಲ್ಲಿ ನಮಗೂ ಒಂದು ಪುಟ ಇತ್ತು. ಜೂನ್‌ನಲ್ಲಿ ತೋತಾಪುರಿ ರೇಟು ಬೆಳಗ್ಗೆ ಒಂದು, ಸಂಜೆ ಒಂದು. ನಾವು ಕಳಿಸಿದ ರೇಟು ಅವರು ಹಾಕೋ ಹೊತ್ತಿಗೆ ತೋಟದಲ್ಲಿ ಕಾಯೇ ಇರ್ತಿರಲಿಲ್ಲ. ಅದಕ್ಕೇ ಬೇರೆ ಸೈಟ್ ಮಾಡಿಸಿದ್ವಿ.

ಅಲ್ಲೂ ಸುಮ್ನೆ ಆಗಲಿಲ್ಲ. ಡಿಸೈನರ್‌ಗೆ 18,000. ಹೋಸ್ಟಿಂಗ್‌ಗೆ 3,000, ಅದರ ಮೇಲೆ ಜಿಎಸ್‌ಟಿ 540. ಎಸ್‌ಎಸ್‌ಎಲ್ ಅಂತ, ಸೈಟ್‌ನ ಸಂಪರ್ಕ ಸುರಕ್ಷಿತವಾಗಿಡೋ ಪ್ರಮಾಣಪತ್ರಕ್ಕೆ ವರ್ಷಕ್ಕೆ 2,500 ಬೇರೆ ತಗೊಂಡ. 'ಲೆಟ್ಸ್ ಎನ್‌ಕ್ರಿಪ್ಟ್' ಅಂತ ಒಂದು ಸಂಸ್ಥೆ ಇದೆ, ಅದನ್ನು ಪುಕ್ಕಟೆ ಕೊಡುತ್ತೆ ಅಂತ ನಮಗೆ ಹೇಳಿದ್ದು ಊರಿನ ಡಿಪ್ಲೊಮಾ ಹುಡುಗ. ಡೊಮೇನ್, ಅಂದ್ರೆ ಸೈಟ್‌ನ ವಿಳಾಸ, ಅದರ ಕಥೆ ಕೇಳಲೇಬೇಡಿ. ಅದನ್ನು ಅವನು ತನ್ನ ಹೆಸರಲ್ಲೇ ನೋಂದಾಯಿಸಿದ್ದ. ನವೀಕರಣದ ಮೇಲ್ ಅವನಿಗೆ ಹೋಗೋದು, ನಮಗೆ ಗೊತ್ತೇ ಆಗ್ತಿರಲಿಲ್ಲ. ವರ್ಗಾಯಿಸು ಅಂದರೆ 10,000 ಕೇಳಿದ. ಕೊನೆಗೆ 6,000ಕ್ಕೆ ಇಳಿಸಿ, ಸಂಘದ ಹೆಸರಿಗೆ ಮಾಡಿಸಿದ್ದು ನಾನೇ. ಈಗ ಡೊಮೇನ್‌ಗೆ ಸಂಘದ್ದೇ ಮೇಲ್, ಯಾರ ಸ್ವಂತದ್ದೂ ಅಲ್ಲ. ಪದಾಧಿಕಾರಿ ಬದಲಾದರೆ ಪಾಸ್‌ವರ್ಡ್ ಬದಲಾಗುತ್ತೆ, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡ್ತೀವಿ. ಒಟಿಪಿ ಹೋಗೋ ಸಿಮ್ ಕಚೇರಿಯ ಬೀರುವಿನಲ್ಲಿರೋ ಫೋನ್‌ನಲ್ಲಿದೆ. ಇದಕ್ಕೆ ಕೇಂದ್ರ ಬೇಕಾಗಿಲ್ಲ.

ಚಿಂತಾಮಣಿ ಕಾರ್ಯದರ್ಶಿ: ಮೇಡಂ, ನಿಮ್ಮ ಸೈಟ್ ನೋಡಿದೀನಿ. ಅದರಲ್ಲಿ ಚಿಂತಾಮಣಿ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇದೆ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಸ್ವಂತ ಸೈಟ್ ಅಂದ ಮೇಲೆ ಅಷ್ಟಾದರೂ ತಿದ್ದಬಾರದಾ?

ಶ್ರೀನಿವಾಸಪುರ ಖಜಾಂಚಿ: ನಮ್ಮ ಸದಸ್ಯರು ಎರಡೂ ಕಡೆ ಇದ್ದಾರೆ. ಜಿಲ್ಲೆ ಒಡೆದಿದ್ದು ಸರ್ಕಾರ, ಮಾವಿನ ಮರ ಅಲ್ಲ. ನೀವು ಮೊದಲು ನಿಮ್ಮ ಸೈಟ್ ಮಾರಾಟದ ಪೇಜ್ ನೋಡ್ಕೊಳ್ಳಿ.

ಶಿರಾ ಮೇಷ್ಟ್ರು: ಇಬ್ಬರೂ ದುಡ್ಡು ಸುಟ್ಟವರೇ. ನಮ್ಮ ಜಾನಪದ ಕಲಾವಿದರ ಸಂಘಕ್ಕೆ ವಾಟ್ಸಾಪ್ ಒಂದೇ. ಒಂದು ಗುಂಪಿಗೆ 1,024 ಜನ ಹಿಡೀತಾರೆ, ಒಂದು ತಾಲ್ಲೂಕಿಗೆ ಅಷ್ಟು ಸಾಲದಾ? ನೋಟಿಸ್ 'ನುಡಿ' ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಫೋಟೊ ಹೊಡೆದು ಹಾಕ್ತೀನಿ. ಖರ್ಚು ಒಂದು ಹಾಳೆ.

ಕೆಜಿಎಫ್ ಹುಡುಗ: ಮೇಷ್ಟ್ರೇ, ಆ ಫೋಟೊ ಮುಂದಿನ ವರ್ಷ ಹುಡುಕಿದ್ರೆ ಸಿಗುತ್ತಾ? ಕಣ್ಣು ಕಾಣದ ಸದಸ್ಯರಿಗೆ ಫೋನ್ ಓದಿ ಹೇಳುತ್ತಾ? ಎಲ್ಲಾ ಫೋನ್‌ಗೂ ಅರ್ಥವಾಗೋ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಅಕ್ಷರವನ್ನೇ ಹಾಕಿ.

ಶಿರಾ ಮೇಷ್ಟ್ರು: ನೀನು ಹುಟ್ಟೋ ಮೊದಲೇ ನಾನು ಕನ್ನಡ ಟೈಪ್ ಮಾಡ್ತಿದ್ದೆ ಕಣಪ್ಪ. ಯೂನಿಕೋಡ್‌ಗೆ ತಿರುಗಿಸಿದರೆ ನನ್ನ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತೆ.

ಗೌರಿಬಿದನೂರು ಸದಸ್ಯೆ: ಕೇಳಿದವರದ್ದು ರಕ್ತದಾನಿಗಳ ಸಂಘ, ಅದು ಮರೆತೇಹೋಯ್ತಾ? ನಾನೂ ಅಂಥದ್ದೇ ಒಂದು ಸಂಘದಲ್ಲಿದ್ದೆ. ಹೆಸರು, ಊರು, ರಕ್ತದ ಗುಂಪು, ಮೊಬೈಲ್ ನಂಬರ್, ಎಲ್ಲ ಸೈಟ್‌ನಲ್ಲಿ ಬಹಿರಂಗ. ಒಳ್ಳೇ ಉದ್ದೇಶವೇ. ಆದರೆ ಸಾಲ ಬೇಕಾ ಅನ್ನೋ ಕರೆ ದಿನಾ. ರಾತ್ರಿ ಹೊತ್ತಲ್ಲಿ 'ಒ ನೆಗೆಟಿವ್ ಅಲ್ವಾ ಮೇಡಂ' ಅಂತ ಶುರು ಮಾಡಿ ಬೇರೇನೋ ಮಾತಾಡಿದವನೂ ಇದ್ದ. ಪಟ್ಟಿ ತೆಗೆಸಿದ ಮೇಲೂ ಯಾರೋ ನಕಲು ಮಾಡಿಟ್ಟಿದ್ದು ಗುಂಪಿನಿಂದ ಗುಂಪಿಗೆ ಓಡಾಡ್ತಾ ಇದೆ. ನಂಬರ್ ಬದಲಾಯಿಸಿದೆ. ಬ್ಯಾಂಕು, ಗ್ಯಾಸು, ಆಧಾರ್, ಮಗನ ಶಾಲೆ, ಎಲ್ಲಾ ಕಡೆ ಅಲೆದೆ.

ಇನ್ನೊಂದು. ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟೇ ಮತ್ತೆ ಕೊಡಬೇಕು. ಸೈಟ್‌ನ ಪಟ್ಟಿಗೆ ಅದು ಗೊತ್ತಾ? ಮೊನ್ನೆ ಕೊಟ್ಟವರಿಗೇ ಮತ್ತೆ ಫೋನ್. 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಪ್ರಕಾರ ಒಪ್ಪಿಗೆ ಬೇಕು, ಆ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳೋಕೂ ಆಗಬೇಕು. ಸೈಟ್ ಯಾರದ್ದಾದರೂ ಇರಲಿ, ಸಂಘದ ಒಂದೇ ನಂಬರ್ ಹಾಕಿ. ದಾನಿಗಳಿಗೆ ನೀವೇ ಫೋನ್ ಮಾಡಿ ಕೇಳಿ.

ಶಿರಾ ಮೇಷ್ಟ್ರು: ಅದಕ್ಕೇ ಹೇಳಿದ್ದು, ವಾಟ್ಸಾಪ್ ಗುಂಪು ಸಾಕು ಅಂತ.

ಗೌರಿಬಿದನೂರು ಸದಸ್ಯೆ: ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ ಮೇಷ್ಟ್ರೇ! ಪ್ರಕಟಣೆಗೆ ಚಾನೆಲ್ ಮಾಡಿ, ಅದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಸಿಗಲ್ಲ.

ತಿಪಟೂರು ಘಟಕ: ಎಲ್ಲರಿಗೂ ಥ್ಯಾಂಕ್ಸ್. ಲೋಗೋ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಹಳೇದರಲ್ಲಿ ಹನಿಯ ಒಳಗೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಕ್ರಾಸ್ ಇದೆ, ಜನಕ್ಕೆ ಅದೇ ಪರಿಚಯ.

ಕೆಜಿಎಫ್ ಹುಡುಗ: ಅಣ್ಣ, ಮೊದಲು ಅದನ್ನು ತೆಗೀರಿ. ಅದು ರೆಡ್ ಕ್ರಾಸ್ ಗುರುತು, ಯಾರು ಬೇಕಾದರೂ ಬಳಸೋ ಹಾಗಿಲ್ಲ, 1960ರ ಜಿನೀವಾ ಒಪ್ಪಂದಗಳ ಕಾಯ್ದೆಯಲ್ಲಿ ದಂಡ ಇದೆ. ಕೇಂದ್ರದವರು ಹೊಸ ಲೋಗೋ ಕೊಡ್ತಿರೋದು ಅದಕ್ಕೇ ಇರಬೇಕು. ಬ್ಯಾನರ್, ಟಿ-ಶರ್ಟ್, ಪೇಜ್‌ನ ಚಿತ್ರ, ಎಲ್ಲಾ ಕಡೆ.

ಚಿಂತಾಮಣಿ ಕಾರ್ಯದರ್ಶಿ: ಫ್ಲೆಕ್ಸ್ ಮತ್ತೆ ಹೊಡೆಸಬೇಕು ಅಂತಾಯ್ತು. 1,800 ಇಟ್ಕೊಂಡಿರಿ.

ಶ್ರೀನಿವಾಸಪುರ ಖಜಾಂಚಿ: ಫ್ಲೆಕ್ಸ್‌ಗೆ 1,800 ಕೊಟ್ರಾ? ಎಷ್ಟು ಅಡಿ ಸಾರ್ ಅದು?

ಶಿರಾ ಮೇಷ್ಟ್ರು: ಕೆಜಿಎಫ್ ಹುಡುಗ, ನನ್ನ ಹತ್ತಿರ ನುಡಿಯ ಫೈಲ್ ರಾಶಿ ಇವೆ, ತತ್ವಪದ, ಸೋಬಾನೆ ಎಲ್ಲ. ಅರ್ಕಾವತ್ತು ಕೆಡದ ಹಾಗೆ ತಿರುಗಿಸಿ ಕೊಡ್ತೀಯಾ? ಪುಟಕ್ಕೆ ಎಷ್ಟು ತಗೊಳ್ತೀಯ ಹೇಳು.