ಹತ್ತನೇ ಕ್ಲಾಸಿನ ಇಂಗ್ಲಿಷ್: ಉಳಿದಿರುವ ಎರಡು ತಿಂಗಳಲ್ಲಿ ಹೇಗೆ ಓದಿಸಲಿ?

ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಗಣಿತ, ವಿಜ್ಞಾನದ ಭಯವಿಲ್ಲ. ದ್ವಿತೀಯ ಭಾಷೆ ಇಂಗ್ಲಿಷಿನಲ್ಲಿ ಮಾತ್ರ ಪ್ರಿಪರೇಟರಿಯಲ್ಲಿ 80ಕ್ಕೆ 27 ಬಂದಿದೆ. ಗ್ರಾಮರ್ ಗೈಡ್ ಪೂರ್ತಿ ಬಾಯಿಪಾಠ ಮಾಡಿದ್ದಾಳೆ, ಆದರೂ ಸ್ವಂತವಾಗಿ ನಾಲ್ಕು ಸಾಲು ಬರೆಯಲು ಆಗುತ್ತಿಲ್ಲ. ನನಗೂ ಇಂಗ್ಲಿಷ್ ಬರುವುದಿಲ್ಲ. ನಿಮ್ಮ ಮಕ್ಕಳಿಗೆ ಯಾವುದರಿಂದ ಅನುಕೂಲ ಆಯಿತು, ದಯವಿಟ್ಟು ಹೇಳಿ.

*

ಅಮ್ಮಾ, ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮೊದಲು ಆ ಗೈಡ್ ಮುಚ್ಚಿಡಿ. ನಮ್ಮ ಮಕ್ಕಳು ಜಾಸ್ತಿ ಎಡವುವುದು ಕನ್ನಡವೂ ಇಂಗ್ಲಿಷೂ ಬೇರೆ ಬೇರೆ ದಾರಿ ಹಿಡಿಯುವ ಜಾಗದಲ್ಲಿ. ಆ ಜಾಗವನ್ನು ಕನ್ನಡದಲ್ಲೇ ತೋರಿಸಬೇಕು. ಕ್ವೆಶ್ಚನ್ ಟ್ಯಾಗ್ ನೋಡಿ. ಅವಳು ಹೋದಳು ಅಲ್ವಾ, ನೀನು ಬರ್ತಿದ್ದೀಯ ಅಲ್ವಾ, ನಮಗೆ ಎಲ್ಲದಕ್ಕೂ ಒಂದೇ ‘ಅಲ್ವಾ’ ಸಾಕು. ಇಂಗ್ಲಿಷಿನಲ್ಲಿ ‘ಶಿ ವೆಂಟ್, ಡಿಡಂಟ್ ಶಿ?’, ‘ಯೂ ಆರ್ ಕಮಿಂಗ್, ಆರಂಟ್ ಯೂ?’ ಅಂತ ಕ್ರಿಯಾಪದ ಬದಲಾದ ಹಾಗೆ ಬಾಲವೂ ಬದಲಾಗುತ್ತದೆ. ರಿಪೋರ್ಟೆಡ್ ಸ್ಪೀಚಿನಲ್ಲೂ ಇದೇ ಕಥೆ. ‘ನಾನು ಬರ್ತೀನಿ ಅಂತ ಅವನು ಹೇಳಿದ’ ಅನ್ನುವಾಗ ನಾವು ಅವನ ಮಾತನ್ನು ಇದ್ದ ಹಾಗೇ ಇಟ್ಟು ಒಂದು ‘ಅಂತ’ ಸೇರಿಸುತ್ತೇವೆ, ಇಂಗ್ಲಿಷಿನಲ್ಲಾದರೆ ‘ಐ’ ಹೋಗಿ ‘ಹಿ’ ಆಗಬೇಕು, ‘ವಿಲ್’ ಹೋಗಿ ‘ವುಡ್’ ಆಗಬೇಕು. ಇದನ್ನು ವರ್ಷಗಟ್ಟಲೆ ಬರೀ ಸೂತ್ರವಾಗಿ ಹೇಳಿಕೊಟ್ಟೆ, ಅರ್ಧ ಕ್ಲಾಸು ತಲೆ ಎತ್ತುತ್ತಿರಲಿಲ್ಲ. ‘ಅಂತ’ ತೋರಿಸಿ ಹೇಳಿದ ದಿನ ಹಿಂದಿನ ಬೆಂಚಿನಿಂದ ಉತ್ತರ ಬಂತು.

‘ಇನ್’, ‘ಆನ್’, ‘ಅಟ್’ ಕೂಡ ಹಾಗೇ. ಡಬ್ಬಿಯಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ, ಮೂರಕ್ಕೂ ನಮ್ಮದು ಒಂದೇ ‘ಅಲ್ಲಿ’. ಅವರದು ‘ಇನ್ ದ ಬಾಕ್ಸ್’, ‘ಆನ್ ದ ಬಸ್’, ‘ಅಟ್ ಹೋಮ್’. ದಿನಕ್ಕೆ ಒಂದೇ ವಿಷಯ ತೆಗೆದುಕೊಂಡು ಹತ್ತು ವಾಕ್ಯ ಬರೆಸಿ. ತಪ್ಪಿದ್ದಕ್ಕೆ ಬೈಯಬೇಡಿ, ಯಾಕೆ ತಪ್ಪಾಯಿತು ಅಂತ ಅವಳ ಬಾಯಿಂದಲೇ ಹೇಳಿಸಿ.

*

ನನಗೂ ಇಂಗ್ಲಿಷ್ ಬರುವುದಿಲ್ಲ ಅಕ್ಕ, ಆದರೂ ಮಗನಿಗೆ ಸಹಾಯ ಮಾಡಲು ಆಯಿತು. ಅಡುಗೆ ಮಾಡುವಾಗ ಪಕ್ಕದಲ್ಲಿ ಕೂರಿಸಿಕೊಂಡು ಪಾಠವನ್ನು ಜೋರಾಗಿ ಓದಿಸುತ್ತಿದ್ದೆ. ಅರ್ಥ ಗೊತ್ತಾಗದಿದ್ದರೂ ಎಲ್ಲಿ ತಡವರಿಸುತ್ತಾನೆ ಅನ್ನುವುದು ಕಿವಿಗೆ ಗೊತ್ತಾಗುತ್ತದೆ, ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕಿಸಿ ಮರುದಿನ ಟೀಚರನ್ನು ಕೇಳಿಕೊಂಡು ಬಾ ಅನ್ನುತ್ತಿದ್ದೆ. ಪದಗಳಿಗೆ ಮೊದಲು ಎದುರೆದುರು ಅರ್ಥ ಬರೆದು ಉರು ಹೊಡೆಯುತ್ತಿದ್ದ, ವಾರದಲ್ಲಿ ಮರೆತುಹೋಗುತ್ತಿತ್ತು. ಆಮೇಲೆ ದಿನಕ್ಕೆ ಐದೇ ಪದ, ಒಂದೊಂದಕ್ಕೂ ನಮ್ಮ ಮನೆಯದ್ದೇ ಒಂದು ವಾಕ್ಯ. ‘ಹಾರ್ವೆಸ್ಟ್’ ಬಂದ ದಿನ ‘ವಿ ಹಾರ್ವೆಸ್ಟೆಡ್ ರಾಗಿ ಇನ್ ಡಿಸೆಂಬರ್’ ಅಂತ ಬರೆದ. ಆ ಪದ ಇವತ್ತಿಗೂ ಮರೆತಿಲ್ಲ. ಜೋಡಿ ಪದಗಳನ್ನು ಜೋಡಿಯಾಗಿಯೇ ಕಲಿಸಿ, ‘ಹೆವಿ ರೇನ್’, ‘ಮೇಕ್ ಎ ಮಿಸ್ಟೇಕ್’ ಹೀಗೆ.

*

ಅಕ್ಕ, ನಾನು ಇಂಗ್ಲಿಷ್ ಒಂದರಲ್ಲೇ ಫೇಲಾಗಿ, ಅದೇ ವರ್ಷದ ಎರಡನೇ ಪರೀಕ್ಷೆಯಾದ ಪರೀಕ್ಷೆ 2ರಲ್ಲಿ ಪಾಸಾದವನು. ಮೊದಲ ಸಲ ಪ್ಯಾಸೇಜಿನ ಸಾಲುಗಳನ್ನು ಹಾಗೇ ಇಳಿಸಿದ್ದೆ, ಕೇಳಿದ್ದು ಏನು ಅಂತಲೇ ನೋಡಿರಲಿಲ್ಲ. ಎರಡನೇ ಸಲ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಒಂದೇ ಅಭ್ಯಾಸ ಮಾಡಿದೆ. ಮೊದಲು ಪ್ರಶ್ನೆ ಓದುವುದು, ‘ವೈ’ ಇದ್ದರೆ ಕಾರಣ, ‘ವೆನ್’ ಇದ್ದರೆ ಸಮಯ, ‘ಹೂ’ ಇದ್ದರೆ ಯಾರು ಅಂತ ಗುರುತು ಹಾಕಿಕೊಂಡು ಆಮೇಲೆ ಪ್ಯಾಸೇಜಿಗೆ ಹೋಗುವುದು. ಪ್ರಶ್ನೆಪತ್ರಿಕೆ ಓದಲು ಅಂತಲೇ ಮೊದಲ 15 ನಿಮಿಷ ಕೊಡುತ್ತಾರೆ, ಅದನ್ನು ಸುಮ್ನೆ ಕಳೆಯಬೇಡ ಅನ್ನಿ. ಪತ್ರಲೇಖನವನ್ನು ವಾರಕ್ಕೆ ಎರಡು ಸಲ ವಿಳಾಸ, ತಾರೀಖು ಸಮೇತ ಬರೆಸಿ. ಇನ್ನೊಂದು ವಿಷಯ, 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಒಂದು ಸಲ ಹೋದರೆ ವರ್ಷವೇ ಹೋಯಿತು ಅನ್ನುವ ಹೆದರಿಕೆ ಬೇಡ ಅಂತ ಅವಳಿಗೆ ಈಗಲೇ ಹೇಳಿಬಿಡಿ. ನನಗೆ ಯಾರೂ ಹೇಳಿರಲಿಲ್ಲ.